ಹದಿಮೂರು ವರ್ಷದ ಡೀಸೆಲ್ ವೆಂಟೊ: ಇಟ್ಟುಕೊಳ್ಳಲೋ, ಕೊಟ್ಟುಬಿಡಲೋ

ನಮ್ಮ ಮನೆಯ ಫೋಕ್ಸ್‌ವ್ಯಾಗನ್ ವೆಂಟೊ ಕಾರಿಗೆ ಈ ಅಕ್ಟೋಬರಿನಲ್ಲಿ ಹದಿಮೂರು ವರ್ಷ ತುಂಬಿತು. 2012ರ ದಸರಾ ಹೊತ್ತಿಗೆ ಉಡುಪಿಯಲ್ಲಿ ಕೆಎ-20 ಸಂಖ್ಯೆ ಪಡೆದು ಮನೆಗೆ ಬಂದ 1.6 ಲೀಟರ್ ಟಿಡಿಐ ಡೀಸೆಲ್ ಕಾರು ಇದು. ಇದುವರೆಗೆ 1,72,000 ಕಿಲೋಮೀಟರ್ ಓಡಿದೆ. ಜಗತ್ತಿನಾದ್ಯಂತ ಸುದ್ದಿಯಾದ ಡೀಸೆಲ್ ಹೊಗೆ ಹಗರಣದಲ್ಲಿ ರೀಕಾಲ್ ಆದ, ಅಂದರೆ ದೋಷ ಸರಿಪಡಿಸಲು ಕಂಪನಿ ಮರಳಿ ಕರೆಸಿದ, ಕಾರುಗಳ ಪೈಕಿ ಇದೂ ಒಂದು. ಇದನ್ನು ಮಾರಿ ಹೊಸದನ್ನು ಕೊಳ್ಳುವುದೋ, ನೋಂದಣಿಯ ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುವುದೋ ಎಂಬ ಪ್ರಶ್ನೆ ಕಳೆದ ಮೂರು ತಿಂಗಳಿಂದ ನಮ್ಮ ಮನೆಯಲ್ಲಿ ದಿನವೂ ಎದ್ದಿದೆ. ಮೂರು ಕಡೆ ಬೆಲೆ ಕೇಳಿ, ಕಾಗದಗಳನ್ನೆಲ್ಲ ತೆಗೆದು ನೋಡಿ, ಕೊನೆಗೊಂದು ತೀರ್ಮಾನಕ್ಕೆ ಬಂದಿದ್ದೇನೆ. ಇದೇ ಕಾಲದ ಪೋಲೊ, ರ‍್ಯಾಪಿಡ್, ಜೆಟ್ಟಾ ಡೀಸೆಲ್‌ಗಳನ್ನು ಇಟ್ಟುಕೊಂಡವರು ನಮ್ಮ ಕರಾವಳಿಯಲ್ಲಿ ಇನ್ನೂ ಅನೇಕರಿರುವುದರಿಂದ ನಾನು ಕಂಡದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕಾರಿನ ಗುಣವನ್ನು ಹೇಳಬೇಕು, ಏಕೆಂದರೆ ಕಾರು ಕೆಟ್ಟದಾಗಿದ್ದಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. 105 ಪಿಎಸ್ ಶಕ್ತಿ, 1,500 ಆರ್‌ಪಿಎಂಗೇ ಕೈಗೆ ಸಿಗುವ 250 ನ್ಯೂಟನ್ ಮೀಟರ್ ಟಾರ್ಕ್ ಎಂಬುದು ಕಾಗದದ ಮೇಲಿನ ಅಂಕಿ; ಶಿರಾಡಿ ಘಾಟಿಯಲ್ಲಿ ಐದು ಜನ ಮತ್ತು ಊರಿಂದ ಹೊರಟ ತೆಂಗಿನಕಾಯಿ, ಹಲಸು, ಅಕ್ಕಿ ಮೂಟೆಗಳ ಸಮೇತ ಲಾರಿಯೊಂದನ್ನು ದಾಟುವಾಗ ಗೇರ್ ಇಳಿಸದೆಯೇ ಕಾರು ಮುಂದೆ ಹೋಗುವುದರಲ್ಲಿ ಆ ಅಂಕಿಯ ಅರ್ಥ ತಿಳಿಯುತ್ತದೆ. ಡಿಕ್ಕಿಯಲ್ಲಿ 454 ಲೀಟರ್ ಜಾಗವಿದೆ. ಹೆದ್ದಾರಿಯಲ್ಲಿ ಗಂಟೆಗೆ ಎಂಬತ್ತರ ವೇಗದಲ್ಲಿ ಸಮಾಧಾನವಾಗಿ ಓಡಿಸಿದರೆ ಈಗಲೂ ಲೀಟರಿಗೆ 19 ಕಿಲೋಮೀಟರಿನ ಆಸುಪಾಸು ಕೊಡುತ್ತದೆ. ಬಾಗಿಲು ಮುಚ್ಚಿದಾಗ ಕೇಳುವ ಗಟ್ಟಿಯಾದ ಸದ್ದು ಹದಿಮೂರು ಮಳೆಗಾಲಗಳ ಬಳಿಕವೂ ಹಾಗೆಯೇ ಇದೆ. ನನ್ನ ತಾಯಿಗೆ ಮಂಡಿನೋವು. ಹಿಂದಿನ ಸೀಟಿನಲ್ಲಿ ಕುಳಿತು ಬೆಂಗಳೂರಿನವರೆಗೆ ಹೋಗಿ ಇಳಿದಾಗಲೂ ಅವರು ಒಮ್ಮೆಯೂ ದೂರಿದ್ದಿಲ್ಲ. ಓಡಿಸುವ ಸುಖವೊಂದನ್ನೇ ನೋಡಿ ಅಂಕ ಕೊಡುವುದಾದರೆ ನಾನು ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ಇನ್ನು ರೀಕಾಲ್ ವಿಷಯ. 2013ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಕಾರಿನೊಳಗೇ ಇಟ್ಟುಕೊಂಡು ಓಡಿಸಬಹುದಾದ ಹೊಗೆ ಅಳೆಯುವ ಉಪಕರಣವನ್ನು ಡೀಸೆಲ್ ಕಾರುಗಳಿಗೆ ಜೋಡಿಸಿ ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಿಸಿದರು. ಅವುಗಳಲ್ಲಿದ್ದ ಫೋಕ್ಸ್‌ವ್ಯಾಗನ್ನಿನದೇ 2012ರ ಜೆಟ್ಟಾ ಕಾರು ರಸ್ತೆಯ ಮೇಲೆ ನಿಗದಿತ ಮಿತಿಯ 15ರಿಂದ 35 ಪಟ್ಟು ಸಾರಜನಕದ ಆಕ್ಸೈಡುಗಳನ್ನು ಉಗುಳುತ್ತಿತ್ತು; ಪ್ರಯೋಗಾಲಯದಲ್ಲಿ ಮಾತ್ರ ಅದೇ ಕಾರು ಮಿತಿಯೊಳಗೇ ಇತ್ತು. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಫೋಕ್ಸ್‌ವ್ಯಾಗನ್ ಕಂಪನಿಗೆ ನೋಟಿಸ್ ಕೊಟ್ಟಾಗ ಕಾರಣ ಹೊರಬಿತ್ತು. ಸ್ಟೀರಿಂಗ್ ಇರುವ ರೀತಿ, ವೇಗ, ಎಂಜಿನ್ ಎಷ್ಟು ಹೊತ್ತು ಓಡಿತು ಎಂಬುದು, ಗಾಳಿಯ ಒತ್ತಡ ಇವುಗಳನ್ನು ಗಮನಿಸಿ, ಇದು ಪರೀಕ್ಷೆಯೋ ನಿಜವಾದ ರಸ್ತೆಯೋ ಎಂದು ಗುರುತಿಸುವ ತಂತ್ರಾಂಶ ಎಂಜಿನ್ನಿನ ಕಂಪ್ಯೂಟರಿನಲ್ಲಿತ್ತು. ಪರೀಕ್ಷೆಯಾದರೆ ಹೊಗೆಯ ನಿಯಂತ್ರಣ ಪೂರ್ತಿ ಕೆಲಸ ಮಾಡುತ್ತಿತ್ತು, ರಸ್ತೆಯಲ್ಲಿ ಸಡಿಲವಾಗುತ್ತಿತ್ತು. ಜಗತ್ತಿನಲ್ಲಿ ಇಂಥ ಕಾರುಗಳು ಸುಮಾರು 1.1 ಕೋಟಿ ಇದ್ದವು.

ಹಾಗೇಕೆ ಮಾಡಿದರು ಎಂಬುದನ್ನು ಅರಿಯಲು ಎಂಜಿನ್ನಿನೊಳಗೆ ಸ್ವಲ್ಪ ಇಣುಕಬೇಕು. ಡೀಸೆಲ್ ಎಂಜಿನ್ನಿನ ಸಿಲಿಂಡರಿನಲ್ಲಿ ಗಾಳಿ ಹೇರಳವಾಗಿರುತ್ತದೆ, ಶಾಖವೂ ಬಹಳ. ಆ ಶಾಖದಲ್ಲಿ ಗಾಳಿಯಲ್ಲಿರುವ ಸಾರಜನಕವೂ ಆಮ್ಲಜನಕವೂ ಕೂಡಿ ಈ ಆಕ್ಸೈಡುಗಳಾಗುತ್ತವೆ. ಹೊರಹೋಗುವ ಹೊಗೆಯ ಒಂದು ಪಾಲನ್ನು ಮತ್ತೆ ಸಿಲಿಂಡರಿಗೇ ಕಳುಹಿಸಿದರೆ ಶಾಖ ತಗ್ಗಿ ಆಕ್ಸೈಡ್ ಕಡಿಮೆಯಾಗುತ್ತದೆ. ಆದರೆ ಆಗ ಮಸಿ ಹೆಚ್ಚುತ್ತದೆ, ಮೈಲೇಜ್ ಮತ್ತು ಎಳೆಯುವ ಶಕ್ತಿ ಕುಗ್ಗಬಹುದು. ಒಂದನ್ನು ಹಿಡಿದರೆ ಇನ್ನೊಂದು ಜಾರುವ ಈ ಲೆಕ್ಕದಲ್ಲಿ ಗ್ರಾಹಕನಿಗೆ ಕಾಣುವ ಮೈಲೇಜನ್ನು ಉಳಿಸಿಕೊಂಡು, ಕಣ್ಣಿಗೆ ಕಾಣದ ಅನಿಲವನ್ನು ರಸ್ತೆಗೆ ಬಿಡಲಾಯಿತು. ಆ ಅನಿಲ ಶ್ವಾಸಕೋಶವನ್ನು ಕೆರಳಿಸುತ್ತದೆ, ಉಬ್ಬಸ ಇರುವವರಿಗೆ ಇನ್ನಷ್ಟು ಕಷ್ಟ ಕೊಡುತ್ತದೆ, ಬಿಸಿಲಿನಲ್ಲಿ ನೆಲಮಟ್ಟದ ಓಝೋನ್ ಉಂಟಾಗಲು ಕಾರಣವಾಗುತ್ತದೆ. ನಾನು ಇಷ್ಟಪಟ್ಟು ಓಡಿಸಿದ ಕಾರಿನ ಗುಣಗಳಿಗೂ ಈ ಅನಿಲಕ್ಕೂ ನಂಟಿದೆ ಎಂದು ತಿಳಿದ ದಿನದಿಂದ ಘಾಟಿ ಹತ್ತುವಾಗಿನ ನನ್ನ ಸಂತೋಷ ಮೊದಲಿನಂತಿಲ್ಲ.

ನಮ್ಮ ದೇಶದಲ್ಲಿ ಕಂಪನಿ 2015ರ ಡಿಸೆಂಬರಿನಲ್ಲಿ ಒಟ್ಟು 3,23,700 ಕಾರುಗಳ ರೀಕಾಲ್ ಘೋಷಿಸಿತು. ಅದರಲ್ಲಿ ಫೋಕ್ಸ್‌ವ್ಯಾಗನ್ 1,98,500, ಅದೇ ಸಮೂಹದ ಸ್ಕೋಡಾ 88,700, ಔಡಿ 36,500. ಇಎ 189 ಎಂಬ ಸಾಲಿಗೆ ಸೇರಿದ 1.2, 1.5, 1.6 ಮತ್ತು 2.0 ಲೀಟರ್ ಎಂಜಿನ್‌ಗಳಿದ್ದ ಕಾರುಗಳು ಇವು. ಆ ಕಾಲಕ್ಕೆ ಭಾರತದಲ್ಲಿ ರಸ್ತೆಯ ಮೇಲೆ ಹೊಗೆ ಅಳೆಯುವ ನಿಯಮವೇ ಇರಲಿಲ್ಲ, ಆದ್ದರಿಂದ ಇಲ್ಲಿನ ಮಾನದಂಡವನ್ನು ಮುರಿದಿಲ್ಲ ಎಂಬುದು ಕಂಪನಿಯ ವಾದವಾಗಿತ್ತು. ಪರಿಸರದ ಮೊಕದ್ದಮೆಗಳನ್ನು ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನೇಮಿಸಿದ ತಜ್ಞರ ಸಮಿತಿ ದಿಲ್ಲಿಯೊಂದರಲ್ಲೇ ಆದ ಆರೋಗ್ಯ ಹಾನಿಗೆ 171.34 ಕೋಟಿ ರೂಪಾಯಿಯ ಲೆಕ್ಕ ಕೊಟ್ಟಿತು. ಮಂಡಳಿ 2019ರ ಮಾರ್ಚಿನಲ್ಲಿ 500 ಕೋಟಿ ರೂಪಾಯಿ ದಂಡ ಹೇರಿತು. ಅದೇ ವರ್ಷ ಮೇ ತಿಂಗಳಲ್ಲಿ ಬಲವಂತದ ಕ್ರಮ ಬೇಡವೆಂದು ಸುಪ್ರೀಂ ಕೋರ್ಟ್ ತಡೆ ನೀಡಿತು. ರಸ್ತೆಯ ಮೇಲೆಯೇ ಹೊಗೆ ಅಳೆಯುವ ನಿಯಮ ನಮ್ಮಲ್ಲಿ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2023ರ ಏಪ್ರಿಲ್ 1ರಿಂದ. ಅಷ್ಟು ಹೊತ್ತಿಗೆ, ಅಂದರೆ 2020ರಲ್ಲಿ ಬಿಎಸ್ 6 ಎಂಬ ಹೊಗೆಯ ಮಾನದಂಡ ಬಂದಾಗಲೇ, ಈ ಕಂಪನಿಯ ಸಣ್ಣ ಡೀಸೆಲ್ ಕಾರುಗಳು ಭಾರತದ ಮಾರುಕಟ್ಟೆಯಿಂದ ಹೋಗಿಬಿಟ್ಟಿದ್ದವು.

ನನ್ನ ಕಾರಿನ ಸರದಿ ಬಂದದ್ದು 2017ರಲ್ಲಿ. ಬೆಳಿಗ್ಗೆ ಬಿಟ್ಟು ಮಧ್ಯಾಹ್ನ ಪಡೆದೆ. ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಸ್ಟೀರಿಂಗಿನ ಕೆಳಗಿನ ಸಾಕೆಟ್‌ಗೆ ವಯರ್ ಸಿಕ್ಕಿಸಿ, ಲ್ಯಾಪ್‌ಟಾಪನ್ನು ಪಕ್ಕದ ಸೀಟಿನ ಮೇಲಿಟ್ಟು, ಬ್ಯಾಟರಿಗೆ ಚಾರ್ಜರ್ ಜೋಡಿಸಿ ಹುಡುಗನೊಬ್ಬ ಪರದೆಯ ಮೇಲೆ ಹಸಿರು ಗೆರೆ ತುಂಬುವುದನ್ನೇ ನೋಡುತ್ತ ಕುಳಿತಿದ್ದ. ಯುರೋಪಿನಲ್ಲಿ 1.6 ಲೀಟರ್ ಎಂಜಿನ್‌ಗೆ ರೂಪಿಸಿದ ಪರಿಹಾರದಲ್ಲಿ ತಂತ್ರಾಂಶದ ಜೊತೆಗೆ ಒಂದು ಸಣ್ಣ ಪ್ಲಾಸ್ಟಿಕ್ ಬಲೆಯೂ ಇತ್ತು. ಒಳಬರುವ ಗಾಳಿಯ ಸುಳಿಯನ್ನು ತಗ್ಗಿಸಿ, ಗಾಳಿಯ ಪ್ರಮಾಣವನ್ನು ಅಳೆಯುವ ಸೆನ್ಸರ್ ಸರಿಯಾಗಿ ಓದುವಂತೆ ಮಾಡುವುದು ಅದರ ಕೆಲಸ. ಇಷ್ಟು ದೊಡ್ಡ ವಿವಾದದ ಪರಿಹಾರ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದಾಗಿರುವುದು ಆಗ ನನಗೆ ಅಚ್ಚರಿ ತಂದಿತ್ತು. ಕೆಲಸ ಮುಗಿದಿದೆ ಎಂಬ ಕಾಗದವನ್ನು ಕೇಳಿ ಪಡೆದೆ. ನಂತರದ ಒಂದು ವರ್ಷ ಪ್ರತಿ ಸಲ ಟ್ಯಾಂಕ್ ತುಂಬಿಸಿದಾಗಲೂ ಲೆಕ್ಕ ಬರೆದಿಟ್ಟೆ: ಮೈಲೇಜಿನಲ್ಲಾಗಲಿ, ಎಳೆತದಲ್ಲಾಗಲಿ ನನ್ನ ಕೈಗೆ, ಕಿವಿಗೆ ವ್ಯತ್ಯಾಸ ತಿಳಿಯಲಿಲ್ಲ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. "ನನ್ನ ಕಾರು ಎಮಿಷನ್ ಟೆಸ್ಟ್ ಪಾಸಾಗಿದೆ, ಮತ್ತೇಕೆ ಚಿಂತೆ" ಎಂದು ಅನೇಕರು ಕೇಳುತ್ತಾರೆ. ಪೆಟ್ರೋಲ್ ಪಂಪಿನ ಪಕ್ಕದ ಗೂಡಿನಲ್ಲಿ ಡೀಸೆಲ್ ಕಾರಿಗೆ ಮಾಡುವ ಪರೀಕ್ಷೆ ಹೊಗೆ ಎಷ್ಟು ದಟ್ಟವಾಗಿದೆ ಎಂಬುದನ್ನು ಮಾತ್ರ ನೋಡುತ್ತದೆ. ಸೈಲೆನ್ಸರಿಗೆ ಕೊಳವೆ ತೂರಿಸಿ, ಆಕ್ಸಿಲರೇಟರ್ ಒತ್ತಿಸಿ, ಬೆಳಕು ಹೊಗೆಯನ್ನು ದಾಟಿ ಎಷ್ಟು ಬಂತೆಂದು ಅಳೆದು ಚೀಟಿ ಕೊಡುತ್ತಾರೆ. ಸಾರಜನಕದ ಆಕ್ಸೈಡಿನ ಪ್ರಮಾಣ ಅಲ್ಲಿ ಅಳತೆಗೇ ಬರುವುದಿಲ್ಲ. ರೀಕಾಲ್ ಕೆಲಸ ಮಾಡಿಸಿದ ಕಾರಿಗೂ ಮಾಡಿಸದ ಕಾರಿಗೂ ಆ ಚೀಟಿ ಒಂದೇ ಬಗೆಯಾಗಿ ಬರುತ್ತದೆ. ಆದ್ದರಿಂದ ಆ ಚೀಟಿಯನ್ನು ಈ ವಿಷಯದಲ್ಲಿ ಸಾಕ್ಷಿಯೆಂದು ಭಾವಿಸುವುದು ತಪ್ಪು.

ನನ್ನ ಅಕ್ಕ-ಭಾವ ಇರುವುದು ನ್ಯೂಜೆರ್ಸಿಯಲ್ಲಿ. ಅವರ ಬಳಿ ಇದ್ದದ್ದೂ 2012ರ ಜೆಟ್ಟಾ ಟಿಡಿಐ, ವಿಶ್ವವಿದ್ಯಾಲಯದವರು ಪರೀಕ್ಷಿಸಿದ ಅದೇ ಮಾದರಿ, ಅದೇ ವರ್ಷದ್ದು. ಕಂಪನಿ ಅಲ್ಲಿನ ಸರ್ಕಾರ ಮತ್ತು ಕಾರಿನ ಮಾಲೀಕರ ಜೊತೆ ಮಾಡಿಕೊಂಡ ಒಪ್ಪಂದಕ್ಕೆ ನ್ಯಾಯಾಧೀಶ ಚಾರ್ಲ್ಸ್ ಬ್ರೇಯರ್ 2016ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟರು. ಒಟ್ಟು 14.7 ಬಿಲಿಯನ್ ಡಾಲರ್ ವರೆಗಿನ ಒಪ್ಪಂದ ಅದು, ಅದರಲ್ಲಿ 10 ಬಿಲಿಯನ್ ಡಾಲರಿಗೂ ಮಿಕ್ಕಿದ್ದು ಕಾರಿನ ಮಾಲೀಕರಿಗಾಗಿ. ಅವರ ಜೆಟ್ಟಾದಂಥ 2.0 ಲೀಟರ್ ಕಾರಿನ ಮಾಲೀಕ ಕಾರನ್ನು ಕಂಪನಿಗೆ ಮರಳಿ ಮಾರಬಹುದಿತ್ತು, ಇಲ್ಲವೇ ಸರ್ಕಾರ ಒಪ್ಪಿದ ದುರಸ್ತಿ ಮಾಡಿಸಿಕೊಂಡು ಇಟ್ಟುಕೊಳ್ಳಬಹುದಿತ್ತು. ಎರಡರಲ್ಲಿ ಯಾವುದನ್ನು ಆರಿಸಿದರೂ ಪರಿಹಾರದ ಹಣ ಸಿಗುತ್ತಿತ್ತು. ಮರಳಿ ಮಾರುವವರಿಗೆ ಹಗರಣ ಹೊರಬೀಳುವ ಮುಂಚಿನ, ಅಂದರೆ 2015ರ ಸೆಪ್ಟೆಂಬರಿನ ಬೆಲೆಯನ್ನೇ ಆಧಾರವಾಗಿ ಹಿಡಿದು, ಅದರ ಮೇಲೆ ಕನಿಷ್ಠ 5,100 ಡಾಲರ್ ಪರಿಹಾರ ಸೇರಿಸಿ ಕೊಟ್ಟರು. ಭಾವ 2017ರ ಆರಂಭದಲ್ಲಿ ಕಾರನ್ನು ಕೊಟ್ಟುಬಿಟ್ಟರು. "ಕೀ ಕೊಡುವಾಗ ಬೇಜಾರಾಯಿತು ಮಾರಾಯ, ಅಷ್ಟು ಒಳ್ಳೆ ಗಾಡಿ ಅದು. ಆದರೆ ಇಟ್ಟುಕೊಂಡರೆ ಮನಸ್ಸಿಗೆ ಸಮಾಧಾನ ಇರುತ್ತಿರಲಿಲ್ಲ" ಎಂದು ಫೋನಿನಲ್ಲಿ ಹೇಳಿದ್ದು ನನಗೆ ಈಗಲೂ ನೆನಪಿದೆ.

ಆ ಒಪ್ಪಂದದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು ಹಣವಲ್ಲ. ಮರಳಿ ಪಡೆದ ಕಾರನ್ನು ಒಪ್ಪಿತ ದುರಸ್ತಿ ಮಾಡದೆ ಮತ್ತೆ ಮಾರುವಂತಿರಲಿಲ್ಲ. ಅಂಥ ಸಾವಿರಾರು ಕಾರುಗಳು ಕ್ಯಾಲಿಫೋರ್ನಿಯಾದ ವಿಕ್ಟರ್‌ವಿಲ್‌ನ ವಿಮಾನ ನಿಲ್ದಾಣದ ಬಯಲಿನಲ್ಲೂ, ಮಿಷಿಗನ್ನಿನ ಪಾಂಟಿಯಾಕ್‌ನಲ್ಲಿದ್ದ ಹಳೆಯ ಕ್ರೀಡಾಂಗಣದ ಆವರಣದಲ್ಲೂ ಸಾಲಾಗಿ ನಿಂತಿದ್ದವು. 2019ರ ಜೂನ್ ಒಳಗೆ ಶೇ 85ರಷ್ಟು ಕಾರುಗಳು ಒಂದೋ ರಸ್ತೆಯಿಂದ ಹೊರಗಿರಬೇಕು, ಇಲ್ಲವೇ ಸರಿಯಾಗಿರಬೇಕು, ತಪ್ಪಿದರೆ ಮತ್ತೆ ದಂಡ ಎಂಬ ಷರತ್ತು ಇತ್ತು. ಅಂದರೆ ಭಾವ ಕಾರನ್ನು ಕೊಟ್ಟಾಗ ಆ ಕಾರಿನ ಹೊಗೆಯೂ ನಿಜವಾಗಿ ರಸ್ತೆಯಿಂದ ಇಳಿಯಿತು. ಜರ್ಮನಿಯಲ್ಲಿ 2020ರ ಮೇ 25ರಂದು ಅಲ್ಲಿನ ಸರ್ವೋಚ್ಚ ನಾಗರಿಕ ನ್ಯಾಯಾಲಯ ಬೇರೆಯೇ ದಾರಿ ತೋರಿತು: ಶರಾನ್ ಕಾರಿನ ಮಾಲೀಕರೊಬ್ಬರು ಕಾರನ್ನು ಮರಳಿಸಿ, ತಾವು ತೆತ್ತಿದ್ದ ಬೆಲೆಯನ್ನು ಪಡೆಯಬಹುದು, ಆದರೆ ಓಡಿಸಿದ ಕಿಲೋಮೀಟರಿನ ಬಾಬ್ತು ಅದರಿಂದ ಕಳೆಯಬೇಕು ಎಂದಿತು. ಉಪಯೋಗಿಸಿದ್ದಕ್ಕೆ ಕಳೆಯುವುದು ನ್ಯಾಯವೆಂದೇ ನನಗೂ ಅನ್ನಿಸುತ್ತದೆ.

ನಮ್ಮಲ್ಲಿ ಇಂಥ ಮರುಖರೀದಿ ಇರಲಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ 110ಎ ಕಲಮಿನಲ್ಲಿ, ಸರ್ಕಾರ ರೀಕಾಲ್‌ಗೆ ಆದೇಶಿಸಿದಾಗ ಕಂಪನಿ ಖರೀದಿದಾರನಿಗೆ ವಾಹನದ ಪೂರ್ತಿ ಬೆಲೆ ಕೊಡಬೇಕು, ಇಲ್ಲವೇ ಬೇರೆ ವಾಹನ ಕೊಡಬೇಕು ಅಥವಾ ದುರಸ್ತಿ ಮಾಡಿಕೊಡಬೇಕು ಎಂಬ ಮಾತು ಸೇರಿದೆ. ಇದು ಜಾರಿಗೆ ಬಂದದ್ದು 2021ರ ಏಪ್ರಿಲಿನಲ್ಲಿ, ಅದರ ನಿಯಮಗಳು ಏಳು ವರ್ಷದೊಳಗಿನ ವಾಹನಗಳಿಗೆ ಸಂಬಂಧಿಸಿದವು. ನಮ್ಮ ವೆಂಟೊ ಅದಕ್ಕೆ ಮೊದಲೇ ಆ ವಯಸ್ಸನ್ನು ದಾಟಿತ್ತು. ಹಾಗಾಗಿ ನನ್ನ ಮುಂದೆ ಇದ್ದ ದಾರಿ ಬಜಾರಿನದ್ದು ಮಾತ್ರ.

ಮೊದಲು ಹೋದದ್ದು ಮಂಗಳೂರಿನ ಹಳೆ ಕಾರುಗಳ ಅಂಗಡಿಯೊಂದಕ್ಕೆ. ಫೋನಿನಲ್ಲಿ ವಿವರ ಕೇಳಿ 2,10,000 ರೂಪಾಯಿ ಹೇಳಿದ್ದರು. ಕಾರನ್ನು ತಂದು ನಿಲ್ಲಿಸಿದಾಗ ನೋಡಲು ಬಂದವರು ಎಂಜಿನ್ ಕಡೆ ಹೋಗಲೇ ಇಲ್ಲ. ಬಾಗಿಲಿನ ರಬ್ಬರನ್ನು ಎಳೆದು ಒಳಗಿನ ವೆಲ್ಡಿಂಗ್ ಚುಕ್ಕಿಗಳನ್ನು ಬೆರಳಿನಿಂದ ಸವರಿದರು, ಬಾನೆಟ್ಟಿನ ಬೋಲ್ಟುಗಳ ಮೇಲೆ ಸ್ಪ್ಯಾನರಿನ ಗುರುತಿದೆಯೇ ಎಂದು ನೋಡಿದರು, ಡಿಕ್ಕಿಯ ಕಾರ್ಪೆಟ್ ಎತ್ತಿ ಸ್ಟೆಪ್ನಿಯ ಗುಂಡಿಯಲ್ಲಿ ಕೈಯಾಡಿಸಿ ಅಂಗೈಗೆ ಅಂಟಿದ ಕೆಂಪು ಪುಡಿಯನ್ನು ನನಗೆ ತೋರಿಸಿದರು. "ಸರ್, ಇದು ಸಮುದ್ರದ ಬದಿಯ ಗಾಡಿ. ಅಡಿ ಹೋಗಿದೆ. ಒಂದು ಅರುವತ್ತೈದಕ್ಕಿಂತ ಮೇಲೆ ಆಗುವುದಿಲ್ಲ" ಎಂದರು. ಅಡಿ ಹೋಗಿಲ್ಲ, ತುಕ್ಕು ಹಿಡಿಯತೊಡಗಿದೆ ಅಷ್ಟೇ, ಎಂದು ನಾನು ವಾದಿಸಿದೆ. ಫೋನಿನಲ್ಲಿ ಹೇಳಿದ ಬೆಲೆ ಜನರನ್ನು ಅಂಗಡಿಗೆ ಕರೆಸುವುದಕ್ಕೆ ಮಾತ್ರ ಎಂಬುದು ಅಲ್ಲಿ ಅರ್ಧ ದಿನ ಕಳೆದ ಮೇಲೆ ಖಚಿತವಾಯಿತು. ಅಲ್ಲಿಗೆ ಹೋಗುವವರು ಕಾರನ್ನು ಮೊದಲೇ ತಮ್ಮ ಮೆಕ್ಯಾನಿಕ್ಕಿನ ಬಳಿ ಎತ್ತಿಸಿ ಅಡಿ ನೋಡಿಸಿಕೊಂಡು ಹೋಗುವುದು ಒಳ್ಳೆಯದು. ಇಲ್ಲದಿದ್ದರೆ ಅವರು ಹೇಳಿದ್ದನ್ನು ಒಪ್ಪದೆ ಬೇರೆ ದಾರಿಯಿರುವುದಿಲ್ಲ.

ಎರಡನೆಯದು ಹೊಸ ಕಾರಿನ ಶೋರೂಮಿನ ಎಕ್ಸ್‌ಚೇಂಜ್. ಅಲ್ಲಿ ಬೋನಸ್ ಸೇರಿಸಿ 1,90,000 ಹೇಳಿದರು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದ ಮೇಲೆ ಹಳೆಯ ಕಾರಿನ ಬೆಲೆಯೂ ಕುಸಿದಿದೆ ಎಂಬ ಮಾತು ಬಂತು, ಅದರಲ್ಲಿ ಹುರುಳಿದೆ. ಮೂರನೆಯವರು ಕಾಸರಗೋಡಿನ ಕಡೆಯಿಂದ ನೇರವಾಗಿ ಬಂದ ಒಬ್ಬ ಯುವಕ. ಎಂಜಿನ್ನಿನ ಸದ್ದು ಕೇಳಿಯೇ ಮುಖ ಅರಳಿಸಿ 2,60,000ಕ್ಕೆ ಒಪ್ಪಿಕೊಂಡ. ಈ ಎಂಜಿನ್ ಈಗ ಹೊಸದಾಗಿ ಸಿಗುವುದಿಲ್ಲವಾದ್ದರಿಂದ ಹುಡುಕಿಕೊಂಡು ಬರುವವರಿದ್ದಾರೆ. ಆತ ಮುಂದುವರಿದು, ಕಾರು ತನ್ನ ಕೈಗೆ ಬಂದರೆ ಎಂಜಿನ್ನಿನ ಕಂಪ್ಯೂಟರನ್ನು ರೀಮ್ಯಾಪ್ ಮಾಡಿಸಿ ಶಕ್ತಿ ಹೆಚ್ಚಿಸುವ ಯೋಚನೆಯಿದೆ, ಹೊಗೆಯನ್ನು ಮರಳಿ ಕಳುಹಿಸುವ ಕವಾಟವನ್ನೂ ಮುಚ್ಚಿಸುತ್ತೇನೆ ಎಂದು ಹುರುಪಿನಿಂದ ಹೇಳಿದ.

ನಾನು ಅಲ್ಲಿಯೇ ನಿಂತೆ. ಮೂರು ಕಡೆಯೂ ಯಾರೊಬ್ಬರೂ ರೀಕಾಲ್ ಕೆಲಸ ಆಗಿದೆಯೇ ಎಂದು ಕೇಳಲಿಲ್ಲ. 2017ರ ಆ ಕಾಗದವನ್ನು ನಾನಾಗಿಯೇ ತೆಗೆದು ತೋರಿಸಿದಾಗ ಅಂಗಡಿಯವರು ಅದನ್ನು ಇನ್ಶೂರೆನ್ಸಿನ ಕಾಗದವೆಂದು ತಿಳಿದು ಮಡಚಿ ಮರಳಿಸಿದರು. ಈಗ ಮೂರನೆಯವರು ಆ ರೀಕಾಲ್ ಕೆಲಸವನ್ನೇ ಅಳಿಸಿಬಿಡುವ ಮಾತಾಡುತ್ತಿದ್ದರು. ರೀಮ್ಯಾಪ್ ಮಾಡಿದರೆ ಕಂಪನಿ ಹಾಕಿದ ತಿದ್ದಿದ ತಂತ್ರಾಂಶದ ಮೇಲೆ ಬೇರೊಂದು ಬರೆಯುತ್ತಾರೆ. ಕವಾಟ ಮುಚ್ಚಿದರೆ ಆಕ್ಸೈಡನ್ನು ತಡೆಯಲು ಈ ಕಾರಿನಲ್ಲಿರುವ ಮುಖ್ಯ ಸಾಧನವೇ ಹೋಗುತ್ತದೆ. ಪಂಪಿನ ಪಕ್ಕದ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳುವುದೂ ಇಲ್ಲ, ಏಕೆಂದರೆ ಕವಾಟ ಮುಚ್ಚಿದ ಕಾರಿನಲ್ಲಿ ಕಣ್ಣಿಗೆ ಕಾಣುವ ಮಸಿ ಇನ್ನೂ ಕಡಿಮೆಯಾಗಬಹುದು. ಭಾವನ ಕಾರು ಕೈಬದಲಾದಾಗ ಅದರ ಹೊಗೆ ನಿಂತಿತ್ತು. ನನ್ನ ಕಾರು ಕೈಬದಲಾದರೆ ಅದರ ಹೊಗೆ ಹೆಚ್ಚುತ್ತದೆ. ಮಾರುವುದು ಎಂದರೆ ಕೈತೊಳೆದುಕೊಳ್ಳುವುದು ಎಂದು ನಾನು ಅಲ್ಲಿಯವರೆಗೆ ಅಂದುಕೊಂಡಿದ್ದೆ. ಆ ಯುವಕನಿಗೆ ನಯವಾಗಿಯೇ ಬೇಡವೆಂದೆ.

ಆದರೂ ಮಾರಲೇಬೇಕಾದ ಸಂದರ್ಭ ಅನೇಕರಿಗೆ ಇರುತ್ತದೆ. ಅಂಥವರು ಷಾಸಿ ಸಂಖ್ಯೆಯನ್ನು ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಕೊಟ್ಟು ರೀಕಾಲ್ ಬಾಕಿಯಿದೆಯೇ ಎಂದು ವಿಚಾರಿಸಿ, ಮುಗಿದಿರುವ ದಾಖಲೆಯ ಪ್ರತಿಯನ್ನು ಕೊಳ್ಳುವವರ ಕೈಗೆ ಕೊಡಬೇಕೆಂದು ನನ್ನ ವಿನಂತಿ. ಕಾರನ್ನು ಅಂಗಡಿಗೆ ಒಪ್ಪಿಸುವಾಗ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿ ಮನೆಗೆ ಬಂದರೆ ಸಾಲದು. 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ನಿಯಮದಂತೆ ಅಂಗಡಿಯವರು ಆರ್‌ಟಿಒದಿಂದ ಅಧಿಕಾರಪತ್ರ ಪಡೆದಿರಬೇಕು. ಕಾರನ್ನು ಒಪ್ಪಿಸಿದ್ದನ್ನು ಫಾರ್ಮ್ 29ಸಿ ಮೂಲಕ ಸರ್ಕಾರದ ಪೋರ್ಟಲಿನಲ್ಲಿ ತಿಳಿಸಿದರೆ ಅಲ್ಲಿಂದ ಮುಂದೆ ಅವರೇ ಮಾಲೀಕರೆಂದು ಎಣಿಕೆಯಾಗುತ್ತಾರೆ. ಇದು ಆಗದಿದ್ದರೆ ಆರು ತಿಂಗಳ ಬಳಿಕ ಎಲ್ಲೋ ಆದ ಅಪಘಾತಕ್ಕೋ ದಂಡಕ್ಕೋ ನಿಮ್ಮ ಮನೆಗೆ ನೋಟಿಸ್ ಬರಬಹುದು. ಬೇರೆ ರಾಜ್ಯಕ್ಕೆ ಹೋಗುವ ಕಾರಿಗೆ ಆರ್‌ಟಿಒದ ನಿರಾಕ್ಷೇಪಣಾ ಪತ್ರವೂ (ಎನ್‌ಒಸಿ) ಬೇಕು.

ಇಟ್ಟುಕೊಳ್ಳುವುದಾದರೆ ಖರ್ಚೆಷ್ಟು ಎಂಬ ಲೆಕ್ಕವನ್ನೂ ಮಾಡಿದೆ. ಸಂತೆಕಟ್ಟೆಯಲ್ಲಿ ಈ ಕಾರನ್ನು ಎಂಟು ವರ್ಷದಿಂದ ನೋಡಿಕೊಳ್ಳುತ್ತಿರುವ ನಮ್ಮ ಮೆಕ್ಯಾನಿಕ್ ಕಾರನ್ನು ಎತ್ತಿ, ಟಾರ್ಚ್ ಹಿಡಿದು, ಸ್ಕ್ರೂಡ್ರೈವರಿನ ಹಿಡಿಯಿಂದ ಅಡಿಯನ್ನು ಇಂಚಿಂಚಾಗಿ ತಟ್ಟುತ್ತ ಹೋದರು. ಗಟ್ಟಿ ತಗಡು ಇರುವಲ್ಲಿ ಟಣ್ ಎನ್ನುತ್ತಿತ್ತು. ಎಡಗಡೆ ಹಿಂದಿನ ಚಕ್ರದ ಮುಂದೆ ಒಂದು ಗೇಣು ಜಾಗದಲ್ಲಿ ಮಾತ್ರ ಡಬ್ ಎಂದು ಮಂಕಾಗಿ ಕೇಳಿತು. "ಎಂಜಿನಿಗೆ ಎಂತ ಸಹ ಆಗಲಿಲ್ಲ ಸರ್. ಇದೊಂದು ಜಾಗ ಕತ್ತರಿಸಿ ಬೇರೆ ತಗಡು ಹಾಕುವ, ಮತ್ತೆ ಪೂರ್ತಿ ಅಡಿಗೆ ಕೋಟಿಂಗ್ ಮಾಡಿಸುವ. ಮಳೆ ಹೋದ ಮೇಲೆ ಬನ್ನಿ, ಈಗ ಮಾಡಿದರೆ ಒಳಗೆ ನೀರು ನಿಲ್ಲುತ್ತದೆ" ಎಂದರು. ಅದಕ್ಕೆ 22,000 ರೂಪಾಯಿ. ಎಂಜಿನ್ನಿನ ಕವಾಟಗಳು ಸರಿಯಾದ ಸಮಯಕ್ಕೆ ತೆರೆದು ಮುಚ್ಚುವಂತೆ ಮಾಡುವ ಟೈಮಿಂಗ್ ಬೆಲ್ಟನ್ನು ನಾನು 2019ರಲ್ಲಿ ಬದಲಾಯಿಸಿದ್ದೇನೆ. ಅದು ತುಂಡಾದರೆ ಎಂಜಿನ್ನಿನ ಕವಾಟಗಳೇ ಹಾಳಾಗುವುದರಿಂದ, ಹಳೆಯ ಟಿಡಿಐ ಇಟ್ಟುಕೊಳ್ಳುವವರು ಈ ಒಂದು ವಿಷಯದಲ್ಲಿ ಕಿಲೋಮೀಟರಿನ ಜೊತೆಗೆ ವರ್ಷಗಳನ್ನೂ ಎಣಿಸಬೇಕು ಎಂಬುದು ಅವರ ಎಚ್ಚರಿಕೆ. ಅದಕ್ಕೂ ಈ ಸಲವೇ ಕೈಹಾಕುತ್ತೇವೆ. ಇನ್ಶೂರೆನ್ಸ್, ಸರ್ವಿಸ್ ಎಲ್ಲ ಸೇರಿ ಎರಡು ವರ್ಷಕ್ಕೆ ಒಂದು ಲಕ್ಷದ ಸಮೀಪ ಬರುತ್ತದೆ. ಇದರ ಮೇಲೆ, ಈಗ ಸಿಗಬಹುದಾಗಿದ್ದ ಎರಡು ಲಕ್ಷವೂ ಕೈಬಿಟ್ಟಂತೆ. ಹತ್ತು ಲಕ್ಷದ ಹೊಸ ಕಾರನ್ನು ಸಾಲದಲ್ಲಿ ಕೊಂಡರೆ ಮೊದಲ ಎರಡು ವರ್ಷದಲ್ಲಿ ಬಡ್ಡಿ ಮತ್ತು ಬೆಲೆಯ ಇಳಿತದಿಂದಲೇ ಹೋಗುವ ಹಣ ಇದಕ್ಕೆ ಹೆಚ್ಚುಕಮ್ಮಿ ಸಮವಾಗಿರುವುದರಿಂದ, ಹಣದ ತಕ್ಕಡಿ ಯಾವ ಕಡೆಗೂ ಜೋರಾಗಿ ವಾಲಲಿಲ್ಲ.

ಇಟ್ಟುಕೊಳ್ಳುವುದರಿಂದ ಕಾರು ಶುದ್ಧವಾಗುವುದಿಲ್ಲ ಎಂಬುದನ್ನು ನಾನು ಮರೆತಿಲ್ಲ. ಜುಲೈ ತಿಂಗಳ ಒಂದು ಸಂಜೆ ಮಗಳನ್ನು ಕರೆತರಲು ಶಾಲೆಯ ಗೇಟಿನ ಬಳಿ ಹೋಗಿದ್ದೆ. ಜೋರು ಮಳೆ, ಇಪ್ಪತ್ತು ಕಾರುಗಳು ಎಂಜಿನ್ ಆರಿಸದೆ ಸಾಲಾಗಿ ನಿಂತಿದ್ದವು, ಅದರಲ್ಲಿ ನನ್ನದೂ ಒಂದು. ಮಕ್ಕಳು ಕೊಡೆ ಹಿಡಿದು ಎರಡು ಕಾರುಗಳ ನಡುವಿನ ಸಂದಿಯಲ್ಲಿ, ಸೈಲೆನ್ಸರಿನ ಮಟ್ಟಕ್ಕೇ ಮುಖ ತಂದು ಹಾದುಬರುತ್ತಿದ್ದರು. ನನ್ನ ಮಗಳು ಮೂಗು ಮುಚ್ಚಿಕೊಂಡು ಬಂದು ಹತ್ತಿದಳು. ಆಕೆ ಏನೂ ಹೇಳಲಿಲ್ಲ, ನಾನು ಎಂಜಿನ್ ಆರಿಸಿದೆ. ಆ ಬಳಿಕ ವೆಂಟೊ ಶಾಲೆಗೆ ಹೋಗಿಲ್ಲ. ಅದಕ್ಕೆ ಈಗ ಹೆಂಡತಿಯ ಎಲೆಕ್ಟ್ರಿಕ್ ಸ್ಕೂಟರ್ ಇದೆ, ಮಳೆ ಜೋರಾದರೆ ರಿಕ್ಷಾ. ಉಡುಪಿಯಿಂದ ಮಂಗಳೂರಿನ ಕಚೇರಿಗೆ ವಾರದಲ್ಲಿ ನಾಲ್ಕು ದಿನ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗುತ್ತಿದ್ದೇನೆ. ಕೆಲವು ನಿಮಿಷಕ್ಕೊಂದು ಬಸ್ಸು ಇರುವ ದಾರಿಯಲ್ಲಿ ಒಬ್ಬನೇ ಕಾರು ಓಡಿಸಬೇಕಾದ ಅಗತ್ಯ ನಿಜವಾಗಿಯೂ ಇರಲಿಲ್ಲ. ವರ್ಷಕ್ಕೆ ಹದಿಮೂರು ಸಾವಿರ ಕಿಲೋಮೀಟರ್ ಓಡುತ್ತಿದ್ದ ಕಾರು ಇನ್ನು ಆರು ಸಾವಿರದೊಳಗೆ ಉಳಿಯಬೇಕು ಎಂಬುದು ನಾವು ಮನೆಯಲ್ಲಿ ಮಾಡಿಕೊಂಡ ಒಪ್ಪಂದ. ಅಮ್ಮನ ಆಸ್ಪತ್ರೆ, ಊರಿನ ಕಾರ್ಯಕ್ರಮಗಳು, ಘಾಟಿ ಹತ್ತುವ ಪ್ರಯಾಣ, ಇಷ್ಟಕ್ಕೆ ಮಾತ್ರ ಅದು ಹೊರಡುತ್ತದೆ.

2027ರ ಅಕ್ಟೋಬರಿಗೆ ನೋಂದಣಿಯ ಹದಿನೈದು ವರ್ಷ ಮುಗಿಯುತ್ತದೆ. ಆಗ 5,000 ರೂಪಾಯಿ ನವೀಕರಣ ಶುಲ್ಕ ಕಟ್ಟಿ, ಹಸಿರು ತೆರಿಗೆ ಕೊಟ್ಟು, ಆರ್‌ಟಿಒಗೆ ತೋರಿಸಿ ಇನ್ನೈದು ವರ್ಷ ಓಡಿಸುವ ಅವಕಾಶ ಕರ್ನಾಟಕದಲ್ಲಿದೆ. ದಿಲ್ಲಿಯಲ್ಲಿ ಹೇರಿದಂತೆ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ನಿರ್ಬಂಧ ಇಲ್ಲಿಲ್ಲ. ಆ ಅವಕಾಶವನ್ನು ನಾನು ಬಳಸುವುದಿಲ್ಲ, ಅಂದು ಮಾರುವುದೂ ಇಲ್ಲ. ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ಹಾಗೆ ಒಪ್ಪಿಸಿದ್ದಕ್ಕೆ ಅಲ್ಲಿ ಕೊಡುವ ಠೇವಣಿ ಪ್ರಮಾಣಪತ್ರ (ಸರ್ಟಿಫಿಕೇಟ್ ಆಫ್ ಡಿಪಾಸಿಟ್) ಪಡೆಯುತ್ತೇನೆ; ಆ ಪತ್ರವಿದ್ದರೆ ಹೊಸ ವಾಹನದ ನೋಂದಣಿ ಶುಲ್ಕ ಇರುವುದಿಲ್ಲ, ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಲು ರಾಜ್ಯಗಳಿಗೆ ಕೇಂದ್ರದ ನಿಯಮ ಅವಕಾಶ ಮಾಡಿದೆ. ಕಾರಿಗೆ ಸಿಗುವುದು ಕಬ್ಬಿಣದ ತೂಕದ ಬೆಲೆ ಮಾತ್ರ. ಆ ನಷ್ಟವನ್ನು ಲೆಕ್ಕಕ್ಕೆ ಸೇರಿಸಿಯೇ ಈ ತೀರ್ಮಾನ ಮಾಡಿದ್ದೇನೆ.

ಮಳೆ ಹೋಗಿದೆ, ಗಾಳಿ ಒಣಗಿದೆ. ಬರುವ ಸೋಮವಾರ ಕಾರನ್ನು ಸಂತೆಕಟ್ಟೆಯಲ್ಲಿ ಬಿಟ್ಟುಬರುತ್ತೇನೆ. ನಾಲ್ಕು ದಿನದ ಕೆಲಸ ಎಂದಿದ್ದಾರೆ. 2017ರ ಕಾಗದದ ಮಡಿಕೆಗಳು ಹರಿಯತೊಡಗಿದ್ದವು, ಅದನ್ನು ಲ್ಯಾಮಿನೇಟ್ ಮಾಡಿಸಿ ಆರ್‌ಸಿಯ ಜೊತೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.